ಶೇ 12.4ರ ಲಾಭದ ಒಳಗೇನಿತ್ತು? ವಿದ್ಯಾರ್ಥಿಗಳ ಅಣಕು ಷೇರು ಪೋರ್ಟ್‌ಫೋಲಿಯೊದ ಒಂದು ಪ್ರಕರಣ ಅಧ್ಯಯನ

ವಾಣಿಜ್ಯ ಮತ್ತು ನಿರ್ವಹಣಾಶಾಸ್ತ್ರದ ತರಗತಿಗಳಲ್ಲಿ ವಿದ್ಯಾರ್ಥಿಗಳಿಗೆ ಕಾಲ್ಪನಿಕ ಹಣ ಕೊಟ್ಟು, ಷೇರುಪೇಟೆಯ ನಿಜವಾದ ಬೆಲೆಗಳಲ್ಲೇ ಕೊಳ್ಳುವ ಮತ್ತು ಮಾರುವ ಅಭ್ಯಾಸ ಮಾಡಿಸುವುದು ಈಗ ಸಾಮಾನ್ಯವಾಗಿದೆ. ಅವಧಿ ಮುಗಿದಾಗ ತಂಡಗಳು ಸಲ್ಲಿಸುವ ವರದಿಯಲ್ಲಿ ಆರಂಭದ ಮೊತ್ತ, ಕೊನೆಯ ಮೊತ್ತ, ಶೇಕಡಾವಾರು ಲಾಭ ಮತ್ತು ತರಗತಿಯಲ್ಲಿ ದೊರೆತ ಸ್ಥಾನ ಎದ್ದು ಕಾಣುತ್ತವೆ. ಅಂಕಗಳೂ ಬಹುಮಟ್ಟಿಗೆ ಅವುಗಳ ಹಿಂದೆಯೇ ಸಾಗುತ್ತವೆ. ಆ ಕೊನೆಯ ಮೊತ್ತವನ್ನು ಬಿಡಿಸಿ ನೋಡಿದರೆ ಅದರಲ್ಲಿ ವಿದ್ಯಾರ್ಥಿಗಳ ಜಾಣ್ಮೆಗೆ ಸೇರಿದ್ದು ಎಷ್ಟು, ಮಾರುಕಟ್ಟೆಗೆ ಸೇರಿದ್ದು ಎಷ್ಟು, ಕೇವಲ ಅದೃಷ್ಟಕ್ಕೆ ಸೇರಿದ್ದು ಎಷ್ಟು ಎಂಬ ಪ್ರಶ್ನೆಯೇ ಈ ಅಧ್ಯಯನದ ವಸ್ತು. ಉದ್ದೇಶಪೂರ್ವಕವಾಗಿಯೇ ಲಾಭ ಗಳಿಸಿದ ತಂಡವೊಂದನ್ನು ಆರಿಸಿಕೊಂಡಿದ್ದೇನೆ. ಸೋತ ತಂಡದಲ್ಲಿ ತಪ್ಪು ಹುಡುಕುವುದು ಎಲ್ಲರಿಗೂ ಸಾಧ್ಯ. ಗೆದ್ದ ತಂಡದ ದಾಖಲೆಯನ್ನು ಅಷ್ಟೇ ನಿಷ್ಠುರವಾಗಿ ಓದುವವರು ಕಡಿಮೆ.

ಮಾರ್ಗದರ್ಶಕನಾಗಿ ನಾನು ಹತ್ತಿರದಿಂದ ಕಂಡ ತಂಡ ಇದು. ವಿದ್ಯಾರ್ಥಿಗಳ ಮತ್ತು ಕಂಪನಿಗಳ ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ಲೆಕ್ಕ ಹಿಡಿಯಲು ಅನುಕೂಲವಾಗುವಂತೆ ಪೂರ್ಣಾಂಕಗಳಿಗೆ ತಂದಿದ್ದೇನೆ.

ಸ್ಪರ್ಧೆಯ ನಿಯಮಗಳು

ತಂಡದಲ್ಲಿ ಐವರಿದ್ದರು. ಪ್ರತಿ ತಂಡಕ್ಕೂ 10 ಲಕ್ಷ ಘಟಕಗಳ ಕಾಲ್ಪನಿಕ ಬಂಡವಾಳ, ಹದಿನಾರು ವಾರಗಳ ಅವಧಿ. ಕನಿಷ್ಠ ಎಂಟು ಕಂಪನಿಗಳ ಷೇರುಗಳಿರಬೇಕು, ಕೊಳ್ಳುವ ಹೊತ್ತಿನಲ್ಲಿ ಯಾವುದೇ ಒಂದು ಕಂಪನಿಯ ಪಾಲು ಶೇ 20ನ್ನು ಮೀರಬಾರದು, ಸಾಲ ಪಡೆದು ಹೂಡುವಂತಿಲ್ಲ, ಕೈಯಲ್ಲಿಲ್ಲದ ಷೇರನ್ನು ಮುಂಚಿತವಾಗಿ ಮಾರುವಂತಿಲ್ಲ. ಹೂಡದೆ ಉಳಿದ ನಗದಿಗೆ ಬಡ್ಡಿಯಿಲ್ಲ. ಪ್ರತಿ ವಾರದ ಕೊನೆಗೆ ಎಲ್ಲ ತಂಡಗಳ ಸ್ಥಾನಪಟ್ಟಿ ಪ್ರಕಟವಾಗುತ್ತಿತ್ತು.

ಬಳಸಿದ ತಂತ್ರಾಂಶದ ಬಗ್ಗೆ ಇಲ್ಲೇ ಒಂದೆರಡು ಮಾತು ಹೇಳಬೇಕು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಆರ್ಡರ್ ಎಷ್ಟೇ ದೊಡ್ಡದಿದ್ದರೂ ಅದು ಕೊನೆಯ ವಹಿವಾಟಿನ ಬೆಲೆಯಲ್ಲೇ ಪೂರ್ತಿ ಈಡೇರುತ್ತಿತ್ತು. ಬ್ರೋಕರೇಜ್ (ದಲ್ಲಾಳಿ ಶುಲ್ಕ) ಇರಲಿಲ್ಲ, ತೆರಿಗೆ ಇರಲಿಲ್ಲ, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಇರುವ ಅಂತರವೂ ಇರಲಿಲ್ಲ. ಮಾರಿದ ಕ್ಷಣದಲ್ಲೇ ಹಣ ಮರುಬಳಕೆಗೆ ಸಿಗುತ್ತಿತ್ತು.

ಇವುಗಳ ಜೊತೆಗೆ ಮಾರ್ಗದರ್ಶಕನಾಗಿ ನಾನು ಸೇರಿಸಿದ ನಿಯಮ ಒಂದೇ: ಪ್ರತಿ ಖರೀದಿಗೂ ಮೊದಲು ತಂಡವು ತೀರ್ಮಾನದ ಪುಸ್ತಕದಲ್ಲಿ ಮೂರು ಸಂಗತಿಗಳನ್ನು ಬರೆಯಬೇಕು. ಈ ಷೇರನ್ನು ಏಕೆ ಕೊಳ್ಳುತ್ತಿದ್ದೇವೆ, ನಮ್ಮ ಕಾರಣ ಸುಳ್ಳಾಯಿತೆಂದು ಯಾವ ಗುರುತಿನಿಂದ ತಿಳಿಯಬೇಕು, ಎಲ್ಲಿಯವರೆಗೆ ಕಾಯುತ್ತೇವೆ. ಐವರಲ್ಲಿ ಮೂವರು ಒಪ್ಪಿದರೆ ಮಾತ್ರ ಆರ್ಡರ್ ಹಾಕಬಹುದು. ವಿದ್ಯಾರ್ಥಿಗಳಿಗೆ ಮೊದಮೊದಲು ಇದು ಅನಗತ್ಯ ಬರವಣಿಗೆಯಾಗಿ ಕಂಡಿತು. ಆದರೆ ಈ ಅಧ್ಯಯನವನ್ನು ಬರೆಯಲು ಸಾಧ್ಯವಾಗಿರುವುದು ಆ ಪುಸ್ತಕ ಇರುವುದರಿಂದಲೇ. ಅದಿಲ್ಲದಿದ್ದರೆ ಉಳಿಯುತ್ತಿದ್ದುದು ಬೆಲೆಗಳ ಒಂದು ಪಟ್ಟಿ ಮತ್ತು ನಡೆದದ್ದಕ್ಕೆ ಆಮೇಲೆ ಹೊಂದಿಸಿಕೊಂಡ ಕಾರಣಗಳು.

ಫಲಿತಾಂಶ ಮತ್ತು ಅದರ ಮೊದಲ ಓದು

ಹದಿನಾರನೆಯ ವಾರದ ಕೊನೆಗೆ ಪೋರ್ಟ್‌ಫೋಲಿಯೊದ, ಅಂದರೆ ತಂಡದ ಬಳಿಯಿದ್ದ ಷೇರು ಮತ್ತು ನಗದಿನ ಒಟ್ಟು ಸಂಗ್ರಹದ, ಮೌಲ್ಯ 11,24,000 ಘಟಕಗಳಿಗೆ ಮುಟ್ಟಿತ್ತು, ಅಂದರೆ ಶೇ 12.4ರ ಲಾಭ. ಅದೇ ಅವಧಿಯಲ್ಲಿ ಮಾರುಕಟ್ಟೆಯ ವಿಶಾಲ ಸೂಚ್ಯಂಕ (ಬಹಳಷ್ಟು ಕಂಪನಿಗಳ ಷೇರು ಬೆಲೆಗಳ ಒಟ್ಟಾರೆ ಚಲನೆಯ ಅಳತೆ) ಶೇ 9ರಷ್ಟು ಏರಿತ್ತು. ಸೂಚ್ಯಂಕವನ್ನು ಶೇ 3.4ರ ಅಂತರದಿಂದ ಹಿಂದಿಕ್ಕಿದ್ದೇವೆ ಎಂದು ತಂಡವು ತನ್ನ ಕರಡು ವರದಿಯ ಮೊದಲ ವಾಕ್ಯದಲ್ಲೇ ಬರೆದಿತ್ತು. ವಾಕ್ಯ ಸುಳ್ಳಲ್ಲ. ಆದರೆ ಆ ಅಂತರ ಎಲ್ಲಿಂದ ಬಂತೆಂದು ಷೇರುವಾರು ಲೆಕ್ಕ ತೆಗೆಯಲು ಹೇಳಿದಾಗ ಚಿತ್ರ ಬದಲಾಯಿತು.

ಒಟ್ಟು ಲಾಭ 1,24,000 ಘಟಕ. ಅದರಲ್ಲಿ 90,000 ಘಟಕ ಒಂದೇ ಒಂದು ಕಂಪನಿಯಿಂದ ಬಂದಿತ್ತು. ಇದನ್ನು ಇಲ್ಲಿ ಬಿಡಿಭಾಗ ಕಂಪನಿ ಎಂದು ಕರೆಯುತ್ತೇನೆ. ಅದರಲ್ಲಿ ಹೂಡಿದ್ದ 1,50,000 ಘಟಕಗಳನ್ನು ಬಿಟ್ಟರೆ ಉಳಿದ 8,50,000 ಘಟಕಗಳು ತಂದ ಲಾಭ 34,000, ಅಂದರೆ ಶೇ 4 ಮಾತ್ರ. ಈ ಉಳಿದ ಭಾಗ ಸೂಚ್ಯಂಕಕ್ಕಿಂತ ಇಷ್ಟು ಹಿಂದೆ ಬಿದ್ದದ್ದಕ್ಕೆ ಕಾರಣವೂ ಹೆಚ್ಚುಕಡಿಮೆ ಒಂದೇ ಕಂಪನಿ. ಚಿಲ್ಲರೆ ಮಾರಾಟ ಮಳಿಗೆಗಳನ್ನು ನಡೆಸುವ ಕಂಪನಿಯೊಂದರಲ್ಲಿ ಹೂಡಿದ 1,00,000 ಘಟಕಗಳಲ್ಲಿ 32,500 ಕರಗಿಹೋಗಿತ್ತು. ಈ ಎರಡನ್ನೂ ಬದಿಗಿಟ್ಟರೆ ಮಿಕ್ಕ 7,50,000 ಘಟಕಗಳು ಗಳಿಸಿದ್ದು 66,500, ಶೇ 8.9ರ ಆಸುಪಾಸು, ಅಂದರೆ ಸೂಚ್ಯಂಕ ಕೊಟ್ಟಷ್ಟೇ.

ವಾರವಾರವೂ ಸಭೆ ಸೇರಿ, ವಲಯಗಳನ್ನು ಹಂಚಿಕೊಂಡು, ಹತ್ತಾರು ಬಾರಿ ಕೊಂಡು ಮಾರಿ ಮಾಡಿದ ಕೆಲಸದ ಬಹುಭಾಗವು ಸುಮ್ಮನೆ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡಿಟ್ಟಿದ್ದರೆ ಸಿಗುತ್ತಿದ್ದಷ್ಟೇ ಫಲ ಕೊಟ್ಟಿತ್ತು. ಸೂಚ್ಯಂಕದಿಂದ ದೂರ ಸರಿದದ್ದು ಎರಡೇ ತೀರ್ಮಾನಗಳಲ್ಲಿ. ಹಾಗಾಗಿ ಆ ಎರಡನ್ನು ಹತ್ತಿರದಿಂದ ನೋಡುವುದು ಅಗತ್ಯ.

ಎರಡು ಷೇರುಗಳು, ಒಂದೇ ಬಗೆಯ ತೀರ್ಮಾನ

ಬಿಡಿಭಾಗ ಕಂಪನಿ ವಿದ್ಯುತ್ ಉಪಕರಣಗಳಿಗೆ ಬೇಕಾದ ತಾಮ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಸಂಸ್ಥೆ. ತಂಡವು ಷೇರಿಗೆ 60 ಘಟಕದಂತೆ 2,500 ಷೇರುಗಳನ್ನು ಕೊಂಡಿತು. ಪುಸ್ತಕದಲ್ಲಿ ಹೀಗಿದೆ: "ಕಾರಣ: ತಾಮ್ರದ ಬೆಲೆ ಇಳಿಯುತ್ತಿದೆ, ಕಂಪನಿಯ ವೆಚ್ಚದಲ್ಲಿ ತಾಮ್ರದ ಪಾಲೇ ದೊಡ್ಡದು, ಹಾಗಾಗಿ ಲಾಭದ ಪ್ರಮಾಣ ಹೆಚ್ಚಬೇಕು. ಗುರುತು: ಮುಂದಿನ ತ್ರೈಮಾಸಿಕ ಫಲಿತಾಂಶದಲ್ಲಿ ಲಾಭದ ಪ್ರಮಾಣ ಹೆಚ್ಚದಿದ್ದರೆ ನಮ್ಮ ಎಣಿಕೆ ತಪ್ಪು. ಅವಧಿ: ಫಲಿತಾಂಶ ಬರುವವರೆಗೆ." ಒಬ್ಬ ವಿದ್ಯಾರ್ಥಿ ಬರೆಯಬಹುದಾದ ಟಿಪ್ಪಣಿಗಳಲ್ಲಿ ಇದು ಒಳ್ಳೆಯದೇ. ಕಾರಣ ಸ್ಪಷ್ಟವಾಗಿದೆ, ಅದನ್ನು ಪರೀಕ್ಷಿಸಬಹುದಾಗಿದೆ, ಪರೀಕ್ಷೆಗೆ ಗಡುವೂ ಇದೆ.

ಏಳನೆಯ ವಾರದಲ್ಲಿ ಫಲಿತಾಂಶ ಬಂತು. ಲಾಭದ ಪ್ರಮಾಣ ಹೆಚ್ಚಿರಲಿಲ್ಲ. ತಾಮ್ರದ ಬೆಲೆ ಇಳಿದಷ್ಟೂ ಗ್ರಾಹಕ ಕಂಪನಿಗಳು ಕಡಿಮೆ ದರ ಕೇಳಿ ಪಡೆದಿದ್ದವು. ಆ ದಿನ ಷೇರಿನ ಬೆಲೆ 64. ತಾವೇ ಬರೆದುಕೊಂಡ ಗುರುತಿನ ಪ್ರಕಾರ ಮಾರಿ ಹೊರಬರಬೇಕಿತ್ತು. ಸಭೆಗೆ ಒಬ್ಬರು ಬಂದಿರಲಿಲ್ಲ. ಇಬ್ಬರು ಮಾರೋಣವೆಂದರು, ಇಬ್ಬರು ಇನ್ನಷ್ಟು ಕಾಯೋಣವೆಂದರು. ಮೂರು ಮತಗಳು ಕೂಡದ ಕಾರಣ ಷೇರು ಕೈಯಲ್ಲೇ ಉಳಿಯಿತು. ಮರುವಾರ ದೊಡ್ಡ ಕಂಪನಿಯೊಂದು ಇದರ ಗಣನೀಯ ಪಾಲನ್ನು ಕೊಳ್ಳಲಿದೆ ಎಂಬ ಪ್ರಕಟಣೆ ಹೊರಬಿತ್ತು. ಹತ್ತನೆಯ ವಾರಕ್ಕೆ ಬೆಲೆ 105ಕ್ಕೆ ಏರಿತು, ಅವಧಿಯ ಕೊನೆಗೆ 96ರಲ್ಲಿ ನಿಂತಿತು. ಶೇ 60ರ ಈ ಏರಿಕೆಗೂ ತಾಮ್ರಕ್ಕೂ ಯಾವ ಸಂಬಂಧವೂ ಇಲ್ಲ.

ಚಿಲ್ಲರೆ ಕಂಪನಿಯ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಎರಡನೆಯ ವಾರದಲ್ಲಿ ಷೇರಿಗೆ 250ರಂತೆ 200 ಷೇರುಗಳ ಖರೀದಿ. ಕಾರಣವಾಗಿ ಹೊಸ ಮಳಿಗೆಗಳು ತೆರೆಯುತ್ತಿವೆ ಎಂದೂ, ಗುರುತಾಗಿ ಹಳೆಯ ಮಳಿಗೆಗಳ ಮಾರಾಟ ಇಳಿದರೆ ಎಣಿಕೆ ತಪ್ಪು ಎಂದೂ ಬರೆಯಲಾಗಿತ್ತು. ಐದನೆಯ ವಾರದ ಫಲಿತಾಂಶದಲ್ಲಿ ಹಳೆಯ ಮಳಿಗೆಗಳ ಮಾರಾಟ ಇಳಿದೇ ಇತ್ತು, ಷೇರಿನ ಬೆಲೆ 200ಕ್ಕೆ ಕುಸಿಯಿತು. ಇಲ್ಲಿಯೂ ಮಾರುವ ಗುರುತು ಬಂದಾಗಿತ್ತು. ತಂಡ ಮಾಡಿದ್ದು ಆರನೆಯ ವಾರದಲ್ಲಿ ಇನ್ನೂ 250 ಷೇರುಗಳ ಖರೀದಿ. ಷೇರುಪೇಟೆಯ ಮಾತಿನಲ್ಲಿ ಆವರೇಜ್ ಮಾಡುವುದು ಎನ್ನುತ್ತಾರಲ್ಲ, ಅದು. ತೆರೆಯ ಮೇಲೆ ಸರಾಸರಿ ಖರೀದಿ ಬೆಲೆ 250ರಿಂದ 222ಕ್ಕೆ ಇಳಿದದ್ದು ಎಲ್ಲರಿಗೂ ಸಮಾಧಾನ ತಂದಿತು. ಈ ಎರಡನೆಯ ಖರೀದಿಯ ಟಿಪ್ಪಣಿಯಲ್ಲಿ ಕಾರಣದ ಜಾಗದಲ್ಲಿ "ಬೆಲೆ ಅಗ್ಗವಾಗಿದೆ" ಎಂಬ ಎರಡು ಪದಗಳಿವೆ, ಗುರುತಿನ ಜಾಗ ಖಾಲಿ ಇದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಆ ಖಾಲಿ ಜಾಗ. ಮೊದಲ ಖರೀದಿಯಲ್ಲಿ ಕಂಪನಿಯ ವ್ಯವಹಾರದ ಬಗ್ಗೆ ಒಂದು ಎಣಿಕೆ ಇತ್ತು. ಎರಡನೆಯದರಲ್ಲಿ ಉಳಿದಿದ್ದುದು ತಮ್ಮದೇ ಖರೀದಿ ಬೆಲೆಯೊಂದಿಗಿನ ಹೋಲಿಕೆ ಮಾತ್ರ. ಕೊನೆಯ ವಾರ ಬೆಲೆ 150ಕ್ಕೆ ಇಳಿದಿತ್ತು. ಆ ಮಟ್ಟದಿಂದ ಸರಾಸರಿ ಬೆಲೆಗೆ ಮರಳಬೇಕಾದರೂ ಷೇರು ಶೇ 48ರಷ್ಟು ಏರಬೇಕು.

ಎರಡನೆಯ ಖರೀದಿಗೆ ಹಣ ಹೊಂದಿಸಲು ತಂಡವು ಔಷಧ ತಯಾರಿಕಾ ಕಂಪನಿಯೊಂದರ ಷೇರುಗಳನ್ನು ಶೇ 12ರ ಲಾಭದಲ್ಲಿ ಮಾರಿತ್ತು. ಆ ಕಂಪನಿಯ ಟಿಪ್ಪಣಿಯಲ್ಲಿದ್ದ ಕಾರಣ ಇನ್ನೂ ಸುಳ್ಳಾಗಿರಲಿಲ್ಲ, ಬರೆದುಕೊಂಡ ಅವಧಿಯೂ ಮುಗಿದಿರಲಿಲ್ಲ. ಮಾರಿದ ದಿನದಿಂದ ಕೊನೆಯ ವಾರದವರೆಗೆ ಅದು ಮತ್ತೆ ಶೇ 18ರಷ್ಟು ಏರಿತು. ಎಣಿಕೆ ಸರಿಯಾಗಿದ್ದ ಷೇರನ್ನು ಮಾರಿ ಎಣಿಕೆ ತಪ್ಪಿದ ಷೇರನ್ನು ಕೊಂಡ ಈ ಒಂದೇ ವಿನಿಮಯದಲ್ಲಿ, ಕೈತಪ್ಪಿದ 9,000 ಮತ್ತು ಕಳೆದುಕೊಂಡ 12,500 ಸೇರಿ 21,500 ಘಟಕಗಳ ವ್ಯತ್ಯಾಸವಾಯಿತು.

ಈ ಪ್ರವೃತ್ತಿ ವಿದ್ಯಾರ್ಥಿಗಳಿಗೆ ಸೀಮಿತವಾದುದಲ್ಲ. ಲಾಭದಲ್ಲಿರುವ ಷೇರನ್ನು ಬೇಗ ಮಾರಿ ನಷ್ಟದಲ್ಲಿರುವುದನ್ನು ಹಿಡಿದುಕೊಂಡೇ ಇರುವ ನಡವಳಿಕೆಯನ್ನು ಹಣಕಾಸು ಸಂಶೋಧಕರಾದ ಹರ್ಷ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ 1985ರಲ್ಲೇ ವಿವರಿಸಿದ್ದರು. ಟೆರೆನ್ಸ್ ಓಡೀನ್ 1998ರಲ್ಲಿ ಬ್ರೋಕರೇಜ್ ಸಂಸ್ಥೆಯೊಂದರ 10,000 ಖಾತೆಗಳನ್ನು ಪರಿಶೀಲಿಸಿ, ಹೂಡಿಕೆದಾರರು ಮಾರಿದ ಲಾಭದ ಷೇರುಗಳು ಮುಂದಿನ ಒಂದು ವರ್ಷದಲ್ಲಿ ಅವರು ಉಳಿಸಿಕೊಂಡ ನಷ್ಟದ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿದವು ಎಂದು ತೋರಿಸಿದರು. ಇದರ ಬೇರು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಮಂಡಿಸಿದ ವಿಚಾರದಲ್ಲಿದೆ: ಮನುಷ್ಯ ತನ್ನ ಸಂಪತ್ತಿನ ಒಟ್ಟು ಮಟ್ಟಕ್ಕಿಂತ ಒಂದು ಆಧಾರಬಿಂದುವಿನಿಂದ ಆದ ಏರಿಳಿತವನ್ನು ಅಳೆಯುತ್ತಾನೆ, ಮತ್ತು ಅಷ್ಟೇ ಗಾತ್ರದ ಲಾಭ ತರುವ ಸಂತೋಷಕ್ಕಿಂತ ನಷ್ಟ ತರುವ ನೋವು ಅವನಿಗೆ ದೊಡ್ಡದು. ಖರೀದಿ ಬೆಲೆಯೇ ಇಲ್ಲಿ ಆ ಆಧಾರಬಿಂದು. ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿಯೆಂದರೆ, ಹಣ ಕಾಲ್ಪನಿಕವಾಗಿದ್ದರೂ ಈ ನೋವು ಕಾಲ್ಪನಿಕವಾಗಿರಲಿಲ್ಲ. ಕೆಂಪಕ್ಷರದಲ್ಲಿ ಕಾಣುವ ನಷ್ಟವನ್ನು ಮಾರಿ ಖಾಯಂ ಮಾಡಿಕೊಳ್ಳಲು ಯಾರೂ ಸಿದ್ಧರಿರಲಿಲ್ಲ, ಏಕೆಂದರೆ ಅದು ಸಹಪಾಠಿಗಳ ಮುಂದೆ ಒಪ್ಪಿಕೊಂಡ ತಪ್ಪಾಗುತ್ತಿತ್ತು.

ಈಗ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ತಂಡ ಮುಂಚಿತವಾಗಿ ಗುರುತು ಬರೆದುಕೊಂಡಿತ್ತು, ಎರಡರಲ್ಲೂ ಆ ಗುರುತು ಬಂತು, ಎರಡರಲ್ಲೂ ತಂಡ ಅದನ್ನು ಪಾಲಿಸಲಿಲ್ಲ. ಒಂದು 90,000 ತಂದುಕೊಟ್ಟಿತು, ಇನ್ನೊಂದು 32,500 ಕಸಿದುಕೊಂಡಿತು. ತೀರ್ಮಾನದ ಗುಣ ಒಂದೇ, ಫಲ ಮಾತ್ರ ಬೇರೆ. ಕರಡು ವರದಿಯಲ್ಲಿ ಮೊದಲನೆಯದು "ತಾಳ್ಮೆಯಿಂದ ಹಿಡಿದುಕೊಂಡ ಯಶಸ್ಸು" ಎಂದೂ ಎರಡನೆಯದು "ಸಮಯಕ್ಕೆ ಹೊರಬಾರದ ವೈಫಲ್ಯ" ಎಂದೂ ದಾಖಲಾಗಿತ್ತು. ಪುಸ್ತಕವನ್ನು ಎದುರಿಗಿಟ್ಟುಕೊಂಡು ಓದಿದಾಗ ಈ ಎರಡು ವಿಶೇಷಣಗಳೂ ನಿಲ್ಲಲಿಲ್ಲ. ತಾಳ್ಮೆ ಎಂದು ಕರೆದದ್ದು ಒಬ್ಬರ ಗೈರುಹಾಜರಿ.

ಹಾಗಾದರೆ ಬರೆದುಕೊಂಡಂತೆಯೇ ನಡೆದುಕೊಂಡಿದ್ದರೆ ಏನಾಗುತ್ತಿತ್ತು? ಈ ಲೆಕ್ಕವನ್ನು ತಂಡದವರೇ ಮಾಡಿದರು, ಪ್ರಾಮಾಣಿಕವಾಗಿಯೇ ಮಾಡಿದರು. ಬಿಡಿಭಾಗ ಕಂಪನಿಯನ್ನು 64ರಲ್ಲಿ ಮಾರಿದ್ದರೆ ಲಾಭ 10,000ಕ್ಕೆ ಸೀಮಿತವಾಗುತ್ತಿತ್ತು. ಚಿಲ್ಲರೆ ಕಂಪನಿಯನ್ನು 200ರಲ್ಲಿ ಮಾರಿದ್ದರೆ ನಷ್ಟ 10,000ಕ್ಕೆ ನಿಲ್ಲುತ್ತಿತ್ತು. ಔಷಧ ಕಂಪನಿಯನ್ನು ಉಳಿಸಿಕೊಂಡಿದ್ದರೆ 9,000 ಸೇರುತ್ತಿತ್ತು. ಮಾರಿ ಬಂದ ಹಣವನ್ನು ನಗದಾಗಿಯೇ ಇಟ್ಟಿದ್ದರೆಂದು ಭಾವಿಸಿದರೆ ಒಟ್ಟು ಲಾಭ 75,500, ಅಂದರೆ ಶೇ 7.5ರ ಆಸುಪಾಸು. ನಿಜವಾಗಿ ಬಂದದ್ದಕ್ಕಿಂತ ಕಡಿಮೆ, ಸೂಚ್ಯಂಕಕ್ಕಿಂತಲೂ ಕಡಿಮೆ. ಶಿಸ್ತು ಪಾಲಿಸಿದ್ದರೆ ಹೆಚ್ಚು ಲಾಭ ಬರುತ್ತಿತ್ತು ಎಂಬ ಹಿತವಾದ ನಿರ್ಣಯಕ್ಕೆ ಈ ಪ್ರಕರಣ ಅವಕಾಶ ಕೊಡುವುದಿಲ್ಲ. ಆದರೂ ಮೌಲ್ಯಮಾಪನ ಮಾಡುವವನಾಗಿ ನಾನು ಶೇ 7.5ರ ಆ ಕಲ್ಪಿತ ಪೋರ್ಟ್‌ಫೋಲಿಯೊಗೆ ಹೆಚ್ಚು ಅಂಕ ಕೊಡುತ್ತೇನೆ. ಮುಂದಿನ ನೂರು ತೀರ್ಮಾನಗಳಲ್ಲಿ ಮತ್ತೆ ಮಾಡಬಹುದಾದದ್ದು ಅದು. ದೊಡ್ಡ ಕಂಪನಿಯೊಂದು ಬಂದು ಪಾಲು ಕೊಳ್ಳುವುದು ತಂಡದ ಕೈಯಲ್ಲಿರುವ ಸಂಗತಿಯಲ್ಲ.

ತಂತ್ರಾಂಶ ಮರೆಮಾಡಿದ್ದು

ಅಣಕು ವಹಿವಾಟಿನಲ್ಲಿ ಕಾಣದ ವೆಚ್ಚಗಳನ್ನು ಸೇರಿಸಿ ನೋಡುವುದು ಮುಂದಿನ ಹೆಜ್ಜೆಯಾಗಿತ್ತು. ಹದಿನಾರು ವಾರಗಳಲ್ಲಿ ತಂಡದ ಖರೀದಿ ಮತ್ತು ಮಾರಾಟಗಳ ಒಟ್ಟು ಮೊತ್ತ 30 ಲಕ್ಷ ಘಟಕ, ಅಂದರೆ ಬಂಡವಾಳದ ಮೂರು ಪಟ್ಟು. ಬ್ರೋಕರೇಜ್, ತೆರಿಗೆ ಮತ್ತು ಬೆಲೆಯ ಅಂತರ ಎಲ್ಲ ಸೇರಿ ಪ್ರತಿ ವಹಿವಾಟಿಗೆ ಅರ್ಧ ಶೇಕಡಾ ಎಂದು ಹಿಡಿದರೆ 15,000 ಘಟಕ ಖರ್ಚಾಗುತ್ತಿತ್ತು, ಲಾಭ ಶೇ 10.9ಕ್ಕೆ ಇಳಿಯುತ್ತಿತ್ತು.

ಬಿಡಿಭಾಗ ಕಂಪನಿಯದು ಇನ್ನೊಂದು ಸಮಸ್ಯೆ. ಆ ಷೇರಿನಲ್ಲಿ ದಿನವೊಂದಕ್ಕೆ ಆರು ಸಾವಿರದಷ್ಟು ಷೇರುಗಳು ಮಾತ್ರ ಕೈ ಬದಲಾಗುತ್ತಿದ್ದವು. ತಂಡವು ಅದರಲ್ಲಿ 2,500 ಷೇರುಗಳನ್ನು ಒಂದೇ ಆರ್ಡರಿನಲ್ಲಿ, ಒಂದೇ ಬೆಲೆಗೆ ಕೊಂಡಿತ್ತು. ನಿಜವಾದ ಪೇಟೆಯಲ್ಲಿ 60ರ ಬೆಲೆಗೆ ಮಾರುವವರು ಕೆಲವೇ ನೂರು ಷೇರುಗಳನ್ನು ಮುಂದಿಟ್ಟಿರುತ್ತಾರೆ. ಅದು ಮುಗಿದ ಮೇಲೆ ಮುಂದಿನವರ ಬೆಲೆ ಸ್ವಲ್ಪ ಹೆಚ್ಚು, ಅವರ ಮುಂದಿನವರದು ಇನ್ನೂ ಹೆಚ್ಚು. ಕೊಳ್ಳುವವನ ಆರ್ಡರೇ ಬೆಲೆಯನ್ನು ಮೇಲೆ ತಳ್ಳುತ್ತದೆ, ಮಾರುವಾಗ ಅದೇ ರೀತಿ ಕೆಳಗೆ ತಳ್ಳುತ್ತದೆ. ಖರೀದಿಯಲ್ಲಿ ಶೇ 3, ಮಾರಾಟದಲ್ಲಿ ಶೇ 3 ಹೀಗೆ ಸೋರಿತೆಂದು ಇಟ್ಟುಕೊಂಡರೆ 1,50,000 ಘಟಕಗಳಿಂದ ಬರುತ್ತಿದ್ದ ಲಾಭ 90,000 ಅಲ್ಲ, ಸುಮಾರು 76,000. ಇದನ್ನೂ ಕಳೆದರೆ ಒಟ್ಟು ಲಾಭ ಶೇ 9.5. ಸೂಚ್ಯಂಕದ ಶೇ 9ರಿಂದ ಅದನ್ನು ಬೇರ್ಪಡಿಸುವುದು ಅರ್ಧ ಶೇಕಡಾ ಮಾತ್ರ.

ಹೆಚ್ಚು ವಹಿವಾಟು ಮಾಡುವುದರ ಬೆಲೆಯನ್ನು ಬ್ರ್ಯಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ 2000ದಲ್ಲಿ ಅಳೆದಿದ್ದರು. ಅಮೆರಿಕದ ಬ್ರೋಕರೇಜ್ ಸಂಸ್ಥೆಯೊಂದರಲ್ಲಿ 1991ರಿಂದ 1996ರವರೆಗೆ ಖಾತೆ ಹೊಂದಿದ್ದ 66,465 ಕುಟುಂಬಗಳ ಪೈಕಿ ಅತಿ ಹೆಚ್ಚು ವಹಿವಾಟು ನಡೆಸಿದವರ ವಾರ್ಷಿಕ ಗಳಿಕೆ ಶೇ 11.4 ಆಗಿತ್ತು, ಅದೇ ಕಾಲದಲ್ಲಿ ಮಾರುಕಟ್ಟೆ ಕೊಟ್ಟದ್ದು ಶೇ 17.9. ವೆಚ್ಚವೇ ಇಲ್ಲದ ತಂತ್ರಾಂಶದಲ್ಲಿ ಹದಿನಾರು ವಾರ ಕಳೆದ ವಿದ್ಯಾರ್ಥಿಗೆ ಈ ಅಂತರದ ಅನುಭವ ಆಗುವುದೇ ಇಲ್ಲ. ಕೊಂಡು ಮಾರುವುದು ಉಚಿತ ಎಂಬ ತಿಳಿವಳಿಕೆಯನ್ನು ಹೊತ್ತು ಅವನು ನಿಜವಾದ ಪೇಟೆಗೆ ಹೋಗುತ್ತಾನೆ. ಅಣಕು ವಹಿವಾಟಿನ ದೋಷಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಇದೇ.

ಐದು ವಲಯಗಳು, ಒಂದು ಜರಡಿ

ಹತ್ತನೆಯ ವಾರದಲ್ಲಿ ಪೋರ್ಟ್‌ಫೋಲಿಯೊ 11,90,000ಕ್ಕೆ ಏರಿ ತಂಡ ಎರಡನೆಯ ಸ್ಥಾನದಲ್ಲಿತ್ತು. ಬಡ್ಡಿ ದರ ಏರಬಹುದೆಂಬ ಆತಂಕದಲ್ಲಿ ಮಾರುಕಟ್ಟೆ ಇಳಿಯತೊಡಗಿ ಹದಿಮೂರನೆಯ ವಾರದ ಹೊತ್ತಿಗೆ ಸೂಚ್ಯಂಕ ಶೇ 8ರಷ್ಟು ಕುಸಿದರೆ, ತಂಡದ ಪೋರ್ಟ್‌ಫೋಲಿಯೊ 10,40,000ಕ್ಕೆ, ಅಂದರೆ ಶೇ 12.6ರಷ್ಟು ಕುಸಿಯಿತು. ಹನ್ನೆರಡು ಷೇರುಗಳಲ್ಲಿ ಹನ್ನೊಂದು ಒಟ್ಟಿಗೆ ಇಳಿದವು. ವಿದ್ಯಾರ್ಥಿಗಳಿಗೆ ಇದು ಅರ್ಥವಾಗಲಿಲ್ಲ. ಐವರು ಐದು ವಲಯಗಳನ್ನು ಹಂಚಿಕೊಂಡು ಷೇರು ಆರಿಸಿದ್ದರು, ವೈವಿಧ್ಯ ಎಂದರೆ ಇದೇ ಎಂದು ನಂಬಿದ್ದರು.

ಆಯ್ಕೆಯ ವಿಧಾನವನ್ನು ವಿಚಾರಿಸಿದಾಗ ಕಾರಣ ಹೊರಬಂತು. ಐವರೂ ತಮ್ಮ ತಮ್ಮ ವಲಯದಲ್ಲಿ ಕಳೆದ ಮೂರು ವರ್ಷಗಳಲ್ಲಿ ಮಾರಾಟ ಅತಿ ವೇಗವಾಗಿ ಬೆಳೆದ ಕಂಪನಿಗಳನ್ನು ಹುಡುಕುವ ಒಂದೇ ಶೋಧಕವನ್ನು ಬಳಸಿದ್ದರು. ಅಂಥ ಕಂಪನಿಗಳಲ್ಲಿ ಹೆಚ್ಚಿನವು ಗಾತ್ರದಲ್ಲಿ ಚಿಕ್ಕವು, ಬೆಳೆಯಲು ಸಾಲ ಮಾಡಿದಂಥವು. ಹೆಸರಿಗೆ ಔಷಧ, ಚಿಲ್ಲರೆ ಮಾರಾಟ, ಬಿಡಿಭಾಗ ಎಂದು ಬೇರೆಬೇರೆಯಾಗಿದ್ದರೂ ಬಡ್ಡಿ ದರದ ಮುಂದೆ ಅವುಗಳ ಸ್ಥಿತಿ ಒಂದೇ. ಅರ್ಥಶಾಸ್ತ್ರಜ್ಞ ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ತೋರಿಸಿದ್ದ ವಿಷಯದ ಜೀವಾಳ ಇದು: ಪೋರ್ಟ್‌ಫೋಲಿಯೊದ ಅಪಾಯವು ಒಂದೊಂದು ಷೇರಿನ ಏರಿಳಿತಕ್ಕಿಂತ ಹೆಚ್ಚಾಗಿ, ಷೇರುಗಳು ಪರಸ್ಪರ ಎಷ್ಟರ ಮಟ್ಟಿಗೆ ಒಟ್ಟಿಗೆ ಚಲಿಸುತ್ತವೆ ಎಂಬುದನ್ನು ಅವಲಂಬಿಸಿದೆ. ಈ ಸೂತ್ರ ಪಠ್ಯದಲ್ಲಿತ್ತು, ಪರೀಕ್ಷೆಯಲ್ಲಿ ಎಲ್ಲರೂ ಅದನ್ನು ಸರಿಯಾಗಿಯೇ ಬರೆದಿದ್ದರು. ತಮ್ಮದೇ ಹನ್ನೊಂದು ಷೇರುಗಳು ಒಟ್ಟಿಗೆ ಇಳಿಯುವುದನ್ನು ಕಂಡ ಮೇಲೆಯೇ, ಷೇರುಗಳು ಎಷ್ಟು ಒಟ್ಟಿಗೆ ಚಲಿಸುತ್ತವೆಂದು ತೋರಿಸುವ ಸಹಸಂಬಂಧದ ಕೋಷ್ಟಕವನ್ನು ತಾವಾಗಿಯೇ ತಯಾರಿಸಿದರು. ಅಣಕು ಪೋರ್ಟ್‌ಫೋಲಿಯೊ ಪಾಠಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಏನಾದರೂ ಇದ್ದರೆ ಅದು ಈ ಮೂರು ವಾರಗಳಲ್ಲಿ.

ಷೇರುಗಳ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದಾಗ ಪೋರ್ಟ್‌ಫೋಲಿಯೊದ ಬೀಟಾ 1.3ರ ಸಮೀಪವಿತ್ತು, ಅಂದರೆ ಮಾರುಕಟ್ಟೆ ಶೇ 1 ಚಲಿಸಿದರೆ ಇದು ಶೇ 1.3 ಚಲಿಸುವ ನಿರೀಕ್ಷೆ. ನಗದಿಗೆ ಬಡ್ಡಿಯಿಲ್ಲದ ಈ ಸ್ಪರ್ಧೆಯಲ್ಲಿ ಸೂಚ್ಯಂಕ ಶೇ 9 ಏರಿದ್ದರೆ ಇಷ್ಟು ಅಪಾಯ ಹೊತ್ತ ಪೋರ್ಟ್‌ಫೋಲಿಯೊದಿಂದ ಶೇ 11.7ರ ಏರಿಕೆ ಸಹಜವಾಗಿಯೇ ಅಪೇಕ್ಷಿತ. ವೆಚ್ಚ ಕಳೆದು ಉಳಿದ ಶೇ 9.5 ಅದಕ್ಕಿಂತ ಕಡಿಮೆ. ಹದಿನಾರು ವಾರಗಳ ಅಂಕಿಗಳಿಂದ ಬೀಟಾವನ್ನು ನಿಖರವಾಗಿ ಅಂದಾಜಿಸಲಾಗದು ಎಂಬ ಎಚ್ಚರಿಕೆಯನ್ನು ಒಬ್ಬ ವಿದ್ಯಾರ್ಥಿನಿಯೇ ಎತ್ತಿದಳು, ಅದು ನ್ಯಾಯವಾದ ಆಕ್ಷೇಪ. ಅದೇ ಆಕ್ಷೇಪ ಲಾಭದ ಅಂಕಿಗೂ ಅನ್ವಯಿಸುತ್ತದೆ. ವರ್ಷಕ್ಕೆ ಶೇ 3ರಷ್ಟು ಮಾರುಕಟ್ಟೆಯನ್ನು ಮೀರುವ ನಿಜವಾದ ಸಾಮರ್ಥ್ಯ ಒಬ್ಬರಿಗಿದೆ, ಆ ಅಂತರದ ವಾರ್ಷಿಕ ಏರಿಳಿತ ಶೇ 12 ಎಂದುಕೊಂಡರೆ, ಅದು ಅದೃಷ್ಟವಲ್ಲವೆಂದು ಸಂಖ್ಯಾಶಾಸ್ತ್ರದ ರೂಢಿಯ ಮಟ್ಟದಲ್ಲಿ (ಸರಾಸರಿ ಅಂತರವು ಅದರ ಸಂಭಾವ್ಯ ದೋಷದ ಎರಡು ಪಟ್ಟು ಇರಬೇಕೆಂಬ ಮಟ್ಟ) ಹೇಳಲು 64 ವರ್ಷಗಳ ಅಂಕಿಗಳು ಬೇಕು. ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿದಾಗ ಸ್ಥಾನಪಟ್ಟಿಯ ಬಗ್ಗೆ ತರಗತಿಯಲ್ಲಿದ್ದ ಗೌರವ ಸಾಕಷ್ಟು ತಗ್ಗಿತು.

ಸ್ಥಾನಪಟ್ಟಿಯ ಒತ್ತಡ

ಹದಿಮೂರನೆಯ ವಾರದ ಸಭೆಯಲ್ಲಿ ಒಂದು ಪ್ರಸ್ತಾವ ಬಂತು. ಹೇಗಿದ್ದರೂ ಹಿಂದೆ ಬಿದ್ದಿದ್ದೇವೆ, ಇರುವುದರಲ್ಲಿ ಬಹುಪಾಲನ್ನು ಮಾರಿ ಅತಿ ಹೆಚ್ಚು ಏರಿಳಿತವಿರುವ ನಾಲ್ಕು ಷೇರುಗಳಲ್ಲಿ ಗರಿಷ್ಠ ಮಿತಿಯವರೆಗೆ ಹೂಡೋಣ ಎಂದು ಇಬ್ಬರು ವಾದಿಸಿದರು. ಸ್ಪರ್ಧೆಯ ನಿಯಮದೊಳಗೆ ನೋಡಿದರೆ ಅವರ ವಾದ ತರ್ಕಬದ್ಧವೇ: ಕೊನೆಯ ಸ್ಥಾನಕ್ಕೂ ಏಳನೆಯ ಸ್ಥಾನಕ್ಕೂ ಅಂಕದಲ್ಲಿ ವ್ಯತ್ಯಾಸವಿಲ್ಲ, ಮೊದಲ ಸ್ಥಾನಕ್ಕೆ ಮಾತ್ರ ಬಹುಮಾನವಿದೆ, ಕಳೆಯುವುದು ಯಾರ ಹಣವೂ ಅಲ್ಲ. ಮೂರು ಮತಗಳಿಂದ ಪ್ರಸ್ತಾವ ಬಿದ್ದುಹೋಯಿತು. ಬೇರೆ ಎರಡು ತಂಡಗಳು ಇದೇ ದಾರಿ ಹಿಡಿದವು. ಅವುಗಳಲ್ಲಿ ಒಂದು ಪ್ರಥಮ ಸ್ಥಾನ ಗಳಿಸಿತು, ಇನ್ನೊಂದು ಕಟ್ಟಕಡೆಯ ಸ್ಥಾನಕ್ಕೆ ಜಾರಿತು.

ವೃತ್ತಿಪರರೂ ಈ ಒತ್ತಡಕ್ಕೆ ಹೊರತಲ್ಲ. ಕೀತ್ ಬ್ರೌನ್, ವ್ಯಾನ್ ಹಾರ್ಲೊ ಮತ್ತು ಲಾರಾ ಸ್ಟಾರ್ಕ್ಸ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದ ನಡುವೆ ಹಿಂದೆ ಬಿದ್ದ ಮ್ಯೂಚುವಲ್ ಫಂಡ್‌ಗಳ ನಿರ್ವಾಹಕರು ಮುಂದಿದ್ದವರಿಗೆ ಹೋಲಿಸಿದರೆ ಉಳಿದ ತಿಂಗಳುಗಳಲ್ಲಿ ಅಪಾಯವನ್ನು ಹೆಚ್ಚಿಸಿಕೊಳ್ಳುತ್ತಾರೆ ಎಂದು ಕಂಡುಬಂದಿತ್ತು. ಅಲ್ಲಿ ಕನಿಷ್ಠ ಉದ್ಯೋಗದ ಭಯವೂ ಹೂಡಿಕೆದಾರರ ಪ್ರಶ್ನೆಯೂ ಇರುತ್ತವೆ. ತರಗತಿಯಲ್ಲಿ ಅದೂ ಇಲ್ಲದಿರುವಾಗ, ವಾರವಾರವೂ ಸ್ಥಾನ ಪ್ರಕಟಿಸುವ ಪದ್ಧತಿಯು ಹೂಡಿಕೆಯ ಹೆಸರಿನಲ್ಲಿ ಪಂದ್ಯದ ಮನೋಭಾವವನ್ನು ಕಲಿಸುತ್ತದೆ. ಆ ಇಬ್ಬರು ವಿದ್ಯಾರ್ಥಿಗಳನ್ನು ನಾನು ದೂರುವುದಿಲ್ಲ. ನಾವು ಇಟ್ಟ ಪ್ರಶ್ನೆಗೆ ಅವರು ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ಬದಲಿಸಿದ ನಿಯಮಗಳು

ಈ ಪ್ರಕರಣದ ನಂತರ ಮೌಲ್ಯಮಾಪನವನ್ನು ಪುನರ್ರಚಿಸಲಾಯಿತು. ಅಂತಿಮ ಲಾಭಕ್ಕೆ ಈಗ ಅಂಕವಿಲ್ಲ. ಅಂಕಗಳಲ್ಲಿ ದೊಡ್ಡ ಪಾಲು ತೀರ್ಮಾನದ ಪುಸ್ತಕಕ್ಕೆ ಹೋಗುತ್ತದೆ: ಕಾರಣ ಪರೀಕ್ಷಿಸಬಹುದಾದದ್ದೇ, ಗುರುತು ಬಂದಾಗ ತಂಡ ಏನು ಮಾಡಿತು, ಮಾಡದಿದ್ದರೆ ಹೊಸ ಕಾರಣವನ್ನು ಬರೆಯಿತೇ. ಮನಸ್ಸು ಬದಲಿಸುವುದಕ್ಕೆ ದಂಡವಿಲ್ಲ, ಬರೆಯದೆ ಬದಲಿಸುವುದಕ್ಕಿದೆ. ಆವರೇಜ್ ಮಾಡುವ ಪ್ರತಿ ಖರೀದಿಯನ್ನೂ ಹೊಸ ಷೇರಿನ ಖರೀದಿ ಎಂದೇ ಪರಿಗಣಿಸಿ, ಈ ಕಂಪನಿ ಕೈಯಲ್ಲಿಲ್ಲದಿದ್ದರೆ ಇಂದು ಈ ಬೆಲೆಗೆ ಕೊಳ್ಳುತ್ತಿದ್ದೆವೇ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಕೊಡಬೇಕು. ತಂತ್ರಾಂಶ ವಿಧಿಸದ ವೆಚ್ಚವನ್ನು ತಂಡಗಳೇ ಪ್ರತಿ ವಾರ ಲೆಕ್ಕ ಹಾಕಿ ಕಳೆಯುತ್ತವೆ, ಮತ್ತು ಒಂದು ಷೇರಿನ ದಿನದ ವಹಿವಾಟಿನ ಶೇ 5ಕ್ಕಿಂತ ಹೆಚ್ಚನ್ನು ಒಂದೇ ದಿನ ಕೊಳ್ಳುವಂತಿಲ್ಲ. ಈ ಕೊನೆಯ ಮಿತಿ ಇದ್ದಿದ್ದರೆ ಬಿಡಿಭಾಗ ಕಂಪನಿಯ 2,500 ಷೇರುಗಳನ್ನು ಕೊಳ್ಳಲು ಒಂಬತ್ತು ದಿನ ಹಿಡಿಯುತ್ತಿತ್ತು.

ಸ್ಥಾನಪಟ್ಟಿಯನ್ನು ಪೂರ್ತಿ ತೆಗೆದುಹಾಕಬೇಕೇ ಎಂಬ ಬಗ್ಗೆ ಸಹೋದ್ಯೋಗಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಪಟ್ಟಿ ಇಲ್ಲದ ಪ್ರಾಯೋಗಿಕ ಅವಧಿಯಲ್ಲಿ ವಹಿವಾಟಿನ ಪ್ರಮಾಣ ಇಳಿಯಿತು, ಸಭೆಗಳ ಹಾಜರಾತಿಯೂ ಇಳಿಯಿತು. ಸದ್ಯಕ್ಕೆ ಪಟ್ಟಿಯನ್ನು ಅವಧಿಯ ನಡುವೆ ಒಮ್ಮೆ ಮಾತ್ರ ತೋರಿಸುತ್ತೇವೆ, ಪ್ರತಿ ತಂಡದ ಲಾಭದ ಪಕ್ಕದಲ್ಲಿ ಅದರ ಗರಿಷ್ಠ ಕುಸಿತ ಮತ್ತು ವೆಚ್ಚದ ಅಂಕಿಗಳನ್ನು ಅದೇ ಗಾತ್ರದ ಅಕ್ಷರದಲ್ಲಿ ಮುದ್ರಿಸುತ್ತೇವೆ. ಮೊದಲ ಸ್ಥಾನಕ್ಕೆ ಇದ್ದ ಬಹುಮಾನವನ್ನು ನಿಲ್ಲಿಸಿದ್ದೇವೆ.